ಹೊರಗೆ ಹೋಗುವ ರೂಟಿಗೆ ಮೊದಲು ಬೇಲಿ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಣ್ಣ ಇಂಟರ್ನೆಟ್ ಕಂಪನಿಯೊಂದರ ರೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಕೇಬಲ್ ಟಿವಿಯಿಂದ ಶುರುವಾಗಿ ಫೈಬರ್‌ಗೆ ಬಂದ ಕಂಪನಿ. ನಮ್ಮ ಹತ್ತಿರ ಇರುವುದು ಒಂದು /22, ಅಂದರೆ 1024 ಐಪಿ ವಿಳಾಸ. ಗೆರೆಯ ನಂತರದ ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು: /24 ಅಂದರೆ 256 ವಿಳಾಸ, /32 ಅಂದರೆ ಒಂದೇ. 2022ರ ಕೊನೆಯವರೆಗೆ ಅಪ್‌ಸ್ಟ್ರೀಮ್, ಅಂದರೆ ನಮಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿ, ಒಂದೇ ಇತ್ತು. ಎಲ್ಲೋ ಜೆಸಿಬಿ ಫೈಬರ್ ಕಡಿದರೆ ಇಡೀ ಊರಿನ ನೆಟ್ ಹೋಗುತ್ತಿತ್ತು. ಅದಕ್ಕೇ ಇನ್ನೊಂದು ಕಂಪನಿಯಿಂದ ಎರಡನೇ ಲಿಂಕ್ ತೆಗೆದುಕೊಂಡೆವು.

ಆ ರಾತ್ರಿ ಹೊಸ ಲಿಂಕಿನ ಮೇಲೆ ಬಿಜಿಪಿ ಸೆಷನ್ ಹಾಕಿದೆ. ಯಾವ ವಿಳಾಸಕ್ಕೆ ಯಾವ ದಾರಿ (ರೂಟ್) ಅಂತ ಕಂಪನಿಗಳ ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ ಬಿಜಿಪಿ. ಮೊದಲು ಸೆಷನ್ ಅಪ್ ಆಗಲಿ, ಯಾವ ರೂಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಫಿಲ್ಟರ್ ಬೆಳಿಗ್ಗೆ ಬರೆಯೋಣ ಅಂದುಕೊಂಡಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಫೋನುಗಳು ಶುರುವಾದವು. “ಸಾರ್, ಏನೂ ಓಪನ್ ಆಗ್ತಿಲ್ಲ.” ಗ್ರಾಫ್ ನೋಡಿದರೆ ಎರಡೂ ಲಿಂಕ್ ತುಂಬಿ ಹೋಗಿವೆ. ಆ ಹೊತ್ತಿಗೆ ನಮ್ಮ ಗಿರಾಕಿಗಳು ಅಷ್ಟು ಬಳಸುವುದೇ ಇಲ್ಲ.

ಆಗಿದ್ದು ಇಷ್ಟು. ಮೊದಲ ಅಪ್‌ಸ್ಟ್ರೀಮ್ ನಮಗೆ ಇಡೀ ಜಗತ್ತಿನ ರೂಟ್ ಕೊಡುತ್ತಿತ್ತು, ಆಗಲೇ 9 ಲಕ್ಷ ದಾಟಿದ್ದವು. ನಮ್ಮ ರೂಟರ್ ಅವನ್ನೆಲ್ಲ ಎರಡನೆಯವರಿಗೆ ಹೇಳಿಬಿಟ್ಟಿತು. ತಡೆಯುವವರು ಇಲ್ಲದಿದ್ದರೆ ಬಿಜಿಪಿ ಮಾಡುವುದೇ ಅದು, ತನಗೆ ಗೊತ್ತಿರುವ ಒಳ್ಳೆಯ ದಾರಿಯನ್ನು ಪಕ್ಕದವರಿಗೆ ಹೇಳುತ್ತದೆ. ಎರಡನೆಯವರಿಗೆ ನಾವು ದುಡ್ಡು ಕೊಡುವ ಗಿರಾಕಿ. ಗಿರಾಕಿಯಿಂದ ಬಂದ ರೂಟಿಗೆ ಜಾಸ್ತಿ ಲೋಕಲ್ ಪ್ರಿಫರೆನ್ಸ್ (ಯಾವ ದಾರಿ ಮೊದಲು ಅನ್ನುವ ಅಂಕ) ಕೊಡುವುದು ಈ ವ್ಯವಹಾರದ ಪದ್ಧತಿ. ಹಾಗಾಗಿ ಅವರ ಟ್ರಾಫಿಕ್ ನಮ್ಮ 1 ಗಿಗಾ ಲಿಂಕ್ ಮೂಲಕ ಹೋಗತೊಡಗಿತು. ಹೆದ್ದಾರಿಯ ಲಾರಿಗಳೆಲ್ಲ ಅಡಿಕೆ ತೋಟದ ದಾರಿಗೆ ಇಳಿದ ಹಾಗೆ. ಗಿರಾಕಿ ಇಷ್ಟೇ ರೂಟ್ ಕಳಿಸಬಹುದು ಅನ್ನುವ ಮಿತಿಯನ್ನು ಅವರೂ ಹಾಕಿರಲಿಲ್ಲ. ಇದು ನನಗೆ ಹೊಳೆದು ಸೆಷನ್ ಶಟ್ ಮಾಡುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು.

ಫಿಲ್ಟರ್ ಇಲ್ಲದ ಹೊರಗಿನ ಸೆಷನ್‌ನಲ್ಲಿ ಏನನ್ನೂ ತೆಗೆದುಕೊಳ್ಳಬಾರದು, ಏನನ್ನೂ ಕೊಡಬಾರದು ಅಂತ ಇಂಟರ್ನೆಟ್ ಮಾನದಂಡದ ದಾಖಲೆಯಾದ 2017ರ ಆರ್‌ಎಫ್‌ಸಿ 8212 ಹೇಳುತ್ತದೆ. ನಮ್ಮ ರೂಟರ್ ಅದಕ್ಕಿಂತ ಹಳೆಯದು. ಹಳೆಯ ರೂಟರ್ ಇಟ್ಟುಕೊಂಡವರು ಇದನ್ನು ತಾವೇ ನೋಡಿಕೊಳ್ಳಬೇಕು.

ಮಾರನೇ ದಿನ ಹೊರಗಿನ ಫಿಲ್ಟರ್ ಬರೆಯಲು ಕೂತೆ. ಯಾವುದನ್ನು ತಡೆಯಬೇಕು ಅಂತ ಪಟ್ಟಿ ಮಾಡಲು ಹೋದರೆ ಮುಗಿಯುವುದೇ ಇಲ್ಲ. ನಮ್ಮದು ಯಾವುದು ಅಂತ ಬರೆದರೆ ಸಾಕು, ಪ್ರಿಫಿಕ್ಸ್ ಲಿಸ್ಟ್‌ನಲ್ಲಿ (ವಿಳಾಸದ ಗುಂಪುಗಳ ಪಟ್ಟಿ) ಹೆಸರಿಲ್ಲದ್ದೆಲ್ಲ ತಾನಾಗಿ ಡಿನೈ ಆಗುತ್ತದೆ. ಒಂದೇ ಸಾಲು ಬರೆದೆ: ನಮ್ಮ /22, ಎಲ್‌ಇ 32, ಅಂದರೆ /32ರವರೆಗಿನ ಅದರ ಎಲ್ಲ ಚೂರೂ ಸೇರಿ. ಅದೂ ತಪ್ಪಾಯಿತು. ಒಳಗಿನ ಲಿಂಕ್‌ಗಳ ರೂಟುಗಳನ್ನೂ ಬಿಜಿಪಿಗೆ ಸೇರಿಸಿದ್ದರಿಂದ (ರೀಡಿಸ್ಟ್ರಿಬ್ಯೂಟ್) ಅವುಗಳ /30, /32 ಚೂರುಗಳೂ ಹೊರಗೆ ಹೊರಟವು. ಈಗ ಎಲ್‌ಇ ಬಿಟ್ಟು ಒಬ್ಬೊಬ್ಬರ ಲಿಸ್ಟಿನಲ್ಲೂ ನೇರವಾಗಿ ಮೂರು ಸಾಲು ಇದೆ. ಇಬ್ಬರಿಗೂ ಇಡೀ /22. ಜೊತೆಗೆ ಎರಡು /24 ಒಬ್ಬರಿಗೆ, ಉಳಿದೆರಡು ಇನ್ನೊಬ್ಬರಿಗೆ. ದೊಡ್ಡ ಗುಂಪು, ಅದರ ಚಿಕ್ಕ ಚೂರು ಎರಡಕ್ಕೂ ರೂಟ್ ಇದ್ದರೆ ಟ್ರಾಫಿಕ್ ಚಿಕ್ಕದರ ದಾರಿಯನ್ನೇ ಹಿಡಿಯುತ್ತದೆ, ಹಾಗಾಗಿ ಒಳಬರುವ ಟ್ರಾಫಿಕ್ ಹಂಚಿಕೆಯಾಗುತ್ತದೆ. ಒಂದು ಲಿಂಕ್ ಹೋದರೆ /22 ಕೈಹಿಡಿಯುತ್ತದೆ.

ಚಿಕ್ಕ ಚೂರಿಗೇ ಟ್ರಾಫಿಕ್ ಹೋಗುತ್ತದೆ ಅನ್ನುವ ಈ ನಿಯಮವೇ 2008ರ ಫೆಬ್ರವರಿ 24ರಂದು ಯೂಟ್ಯೂಬ್ ಅನ್ನು ಕೆಡವಿದ್ದು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದಲ್ಲಿ ಯೂಟ್ಯೂಬ್ ತಡೆಯಲು ಹಾಕಿದ /24 ಹೊರಗೆ ಸೋರಿತು, ಮೇಲಿನವರೂ ಅದನ್ನು ತಡೆಯಲಿಲ್ಲ. ಯೂಟ್ಯೂಬ್ ಹೇಳುತ್ತಿದ್ದದ್ದು /22. ಅದನ್ನು ಓದಿದ್ದೆ. ನಮ್ಮೂರಿನ ರೂಟರಿನಿಂದಲೂ ಅಂಥದ್ದು ಆಗಬಹುದು ಅಂತ ಅನ್ನಿಸಿರಲಿಲ್ಲ.

ಒಳಬರುವ ಕಡೆ ಬೇರೆ ಲೆಕ್ಕ. ಅಲ್ಲಿ ಬೇಡದ್ದನ್ನೇ ಹೇಳಬೇಕು: ನಮ್ಮದೇ /22 ಹೊರಗಿನಿಂದ ಬರಬಾರದು, 10.0.0.0/8ರಂಥ ಪ್ರೈವೇಟ್ (ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಬಳಸುವ) ವಿಳಾಸ ಬೇಡ, /24ಕ್ಕಿಂತ ಚಿಕ್ಕ ಚೂರು ಬೇಡ. ಕೊನೆಯಲ್ಲಿ ಉಳಿದದ್ದಕ್ಕೆ ಪರ್ಮಿಟ್. ನಾನು ಪರ್ಮಿಟ್ 0.0.0.0/0 ಅಂತ ಬರೆದೆ. ಒಂದು ರೂಟೂ ಬರಲಿಲ್ಲ! ಸುಮ್ನೆ 0.0.0.0/0 ಅಂದರೆ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯುವ ದಾರಿ) ಒಂದೇ, ಅದನ್ನು ಅವರು ಕಳಿಸುತ್ತಲೇ ಇರಲಿಲ್ಲ. 0.0.0.0/0 ಎಲ್‌ಇ 24 ಅಂದಾಗ ಎಲ್ಲ ಬಂದವು. ಫಿಲ್ಟರ್ ಬದಲಿಸಿದಾಗ ಸೆಷನ್ ಕೆಡವುವುದು ಬೇಡ, ಸೆಷನ್ ಬೀಳಿಸದೆ ರೂಟುಗಳನ್ನು ಹೊಸ ಫಿಲ್ಟರ್‌ಗೆ ಹಾಕುವ ಸಾಫ್ಟ್ ಕ್ಲಿಯರ್ ಸಾಕು.

ಯಾವ ವಿಳಾಸದ ರೂಟನ್ನು ಯಾರು ಹೇಳಬಹುದು ಅಂತ ಸಹಿ ಮಾಡಿದ ದಾಖಲೆಯಿಂದ (ಆರ್‌ಒಎ) ಪರೀಕ್ಷಿಸುವ ವ್ಯವಸ್ಥೆ ಆರ್‌ಪಿಕೆಐ. ಆ ಕೆಲಸದಲ್ಲಿ ಒಂದೇ ಮಾತು ಗಮನದಲ್ಲಿಡಿ. ಆರ್‌ಒಎ ಮಾಡುವಾಗ /22 ಅಂತ ಮಾತ್ರ ಹಾಕಿ ಗರಿಷ್ಠ ಉದ್ದ 24 ಅಂತ ಹೇಳದಿದ್ದರೆ, ನೀವೇ ಕಳಿಸುವ /24ಗಳು ಇನ್‌ವ್ಯಾಲಿಡ್ ಆಗುತ್ತವೆ. ಬೇಕಾದರೆ ನಾಲ್ಕು /24ಕ್ಕೂ ಬೇರೆಬೇರೆ ಆರ್‌ಒಎ ಮಾಡಬಹುದು. ನಾನು ಹಾಗೇ ಮಾಡಿದ್ದೇನೆ.

ಈಗ ಹೊಸ ಸೆಷನ್ ಯಾವುದಾದರೂ ಮೊದಲು ಶಟ್‌ಡೌನ್ ಸ್ಥಿತಿಯಲ್ಲೇ ಬರೆಯುತ್ತೇನೆ, ಜೊತೆಗೆ ಎರಡೂ ಕಡೆಯ ಫಿಲ್ಟರ್, ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ. ಫಿಲ್ಟರ್ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇನೆ. ಕೆಲವು ರೂಟರ್‌ಗಳಲ್ಲಿ ಇಲ್ಲದ ಲಿಸ್ಟಿನ ಹೆಸರು ಕೊಟ್ಟರೆ ಎಲ್ಲವೂ ಪರ್ಮಿಟ್ ಆಗಿಬಿಡುತ್ತದೆ. ನಮ್ಮ ಟೇಬಲ್‌ನಲ್ಲಿ ಯಾವ ರೂಟುಗಳು ಆ ಲಿಸ್ಟಿಗೆ ಹೊಂದುತ್ತವೆ ಅಂತ ಸೆಷನ್ ಎಬ್ಬಿಸುವ ಮುಂಚೆಯೇ ‘ಶೋ ಐಪಿ ಬಿಜಿಪಿ ಪ್ರಿಫಿಕ್ಸ್ ಲಿಸ್ಟ್’ ಅನ್ನುವ ಆಜ್ಞೆ ತೋರಿಸುತ್ತದೆ. ಮೂರು ಸಾಲು ಬರಬೇಕು. ನಾಲ್ಕನೆಯದು ಕಂಡರೆ ಅವತ್ತು ಲಿಂಕ್ ಎಬ್ಬಿಸುವುದಿಲ್ಲ.