ಮನೆ ಕೊಳ್ಳುವವರಿಗೆ: ಟೋಕನ್ ಕೊಡುವ ಮೊದಲೇ ಮಾತು ಮುಗಿಸಿ

ಬೆಂಗಳೂರಿಗೆ ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ: "ಮನೆಗೆ ಎಷ್ಟು ಕಡಿಮೆ ಮಾಡಿ ಕೇಳಬಹುದು?" ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಲ್ಲ ಮಾತು ಮುಗಿಯುವ ತನಕ ಟೋಕನ್ ದುಡ್ಡು, ಅಂದರೆ ಮನೆ ಹಿಡಿದಿಡಲು ಕೊಡುವ ಮುಂಗಡ, ನಿಮ್ಮ ಹತ್ತಿರವೇ ಇರಲಿ.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ವಿಜಯನಗರದಲ್ಲಿ ಒಂದು ಹಳೇ ಫ್ಲಾಟ್ ಇಷ್ಟವಾಯಿತು. "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಸಾರ್" ಅಂದರು ಬ್ರೋಕರ್. ನಿಂತ ಕಾಲಲ್ಲೇ 50,000 ಕೊಟ್ಟೆವು. ಅಗ್ರಿಮೆಂಟ್ ಕೈಗೆ ಬಂದಾಗ ನೋಡಿದರೆ ಕಾರ್ ಪಾರ್ಕಿಂಗ್ ಮಾತೇ ಇಲ್ಲ. ಕೇಳಿದ್ದಕ್ಕೆ, "ಅದು ಬೇರೆ, 3 ಲಕ್ಷ" ಅಂದರು. ದುಡ್ಡು ಅವರ ಕೈಲಿತ್ತು, ಕೊಡದೆ ದಾರಿ ಇರಲಿಲ್ಲ.

ಸುಮ್ನೆ "ಕಡಿಮೆ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಕಾರಣ ಕೈಯಲ್ಲಿರಬೇಕು. ಟೇಪ್ ತೆಗೆದುಕೊಂಡು ಹೋಗಿ ಹಾಲ್, ರೂಮು ಅಳೆಯಿರಿ. 1,200 ಚದರಡಿ ಅಂತ ಹೇಳುವುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್ ಲೆಕ್ಕ. ಅದರಲ್ಲಿ ಮೆಟ್ಟಿಲು, ಲಿಫ್ಟ್, ಕಾರಿಡಾರ್ ಪಾಲೂ ಸೇರಿರುತ್ತದೆ. ಕಾವೇರಿ ನೀರು ಬರುತ್ತದಾ, ಬೋರ್‌ವೆಲ್ ಮಾತ್ರಾನಾ ಕೇಳಿ. ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ತೋರಿಸಲು ಹೇಳಿ. ಆ ಬಿಲ್ ಮುಂದಿಟ್ಟು ಮಾತಾಡಿದರೆ ತೂಕವೇ ಬೇರೆ. ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆ ಎಷ್ಟಕ್ಕೆ ಹೋಯಿತು ಅಂತ ಅಕ್ಕಪಕ್ಕದವರನ್ನೂ ವಿಚಾರಿಸಿ. ಸರ್ಕಾರಿ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಮತ್ತು ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟದ ವಿವರ ಇರುವ ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತವೆ.

ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ, ನೋಡದೆ ಮುಂದೆ ಹೋಗಬೇಡಿ. ಬಿ ಖಾತಾ (ನಿಯಮ ಪೂರ್ತಿ ಪಾಲಿಸದ ಆಸ್ತಿಗೆ ಕೊಡುವ ಖಾತಾ) ಆದರೆ ರೇಟು ಕಡಿಮೆ ಇರುತ್ತದೆ, ನಿಜ. ಆದರೆ ಎಷ್ಟೋ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಸಾಲ ನಂಬಿಕೊಂಡವರು ಅದನ್ನು ಬಿಡುವುದೇ ಒಳ್ಳೆಯದು.

ನಿಮ್ಮ ರೇಟು ಹೇಳುವಾಗ ಮೇಲಿನ ಖರ್ಚೂ ಲೆಕ್ಕದಲ್ಲಿರಲಿ. 70 ಲಕ್ಷದ ಮನೆಗೆ ಸ್ಟಾಂಪ್ ಡ್ಯೂಟಿ 5%. ರಿಜಿಸ್ಟ್ರೇಷನ್ ಶುಲ್ಕ 2025ರ ಆಗಸ್ಟ್ 31ರಿಂದ 2%. ಅಲ್ಲಿಗೇ 4.9 ಲಕ್ಷ, ಸೆಸ್ ಬೇರೆ. 50 ಲಕ್ಷ ಮುಟ್ಟಿದ ಮನೆಗೆ ಕೊಳ್ಳುವವರು ಮಾರುವವರಿಗೆ ಕೊಡುವ ದುಡ್ಡಿನಲ್ಲೇ 1% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ಪೂರ್ತಿ ದುಡ್ಡು ನನ್ನ ಕೈಗೆ ಬರಬೇಕು" ಅಂತ ಕೊನೇ ಗಳಿಗೆಯಲ್ಲಿ ಜಗಳವಾಗುತ್ತದೆ.

ಆಷಾಢದಲ್ಲಿ ಮನೆ ಕೊಳ್ಳಲು ಹಿಂಜರಿಯುವವರು ಜಾಸ್ತಿ, ಅಲ್ವಾ? ಮಾರುವವರ ಮನೆಗೆ ಜನ ಬರುವುದು ಕಡಿಮೆ. ಆಗ ಮಾತು ಮುಗಿಸಿ, ಶ್ರಾವಣದಲ್ಲಿ ರಿಜಿಸ್ಟರ್ ಮಾಡಿಸಿಕೊಳ್ಳಿ.

ಟೋಕನ್ ರಸೀದಿಯಲ್ಲಿ ಒಪ್ಪಿದ ರೇಟು, ಪಾರ್ಕಿಂಗ್, ವಾರ್ಡ್‌ರೋಬ್, ಬಾಕಿ ಮೇಂಟೆನೆನ್ಸ್ ಯಾರದ್ದು ಅನ್ನುವುದೆಲ್ಲ ಬರೆಸಿ. ಸಾಲ ಸಿಗದಿದ್ದರೆ ಅಥವಾ ಕಾಗದದಲ್ಲಿ ದೋಷ ಕಂಡರೆ ಟೋಕನ್ ವಾಪಸ್ ಅಂತಲೂ ಬರೆಸಿ, ಮಾರುವವರ ಸಹಿ ಹಾಕಿಸಿಕೊಳ್ಳಿ.