ಮೊದಲ ಮಳೆಗೂ ಮುಂಚೆ ಲೈನಿನ ಜ್ವರ ನೋಡಿ

ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಗಾಳಿಯನ್ನು ಕಟ್ಟಿಕೊಂಡೇ ಬರುತ್ತದೆ. ಆ ಗಾಳಿಗೆ ಕಿತ್ತುಬರುವ ಜಂಪರ್ (ಕಂಬದ ಮೇಲೆ ಎರಡು ತಂತಿಗಳನ್ನು ಸೇರಿಸುವ ತುಂಡು ತಂತಿ) ಎಷ್ಟೋ ಸಲ ಮಾರ್ಚ್‌ನಲ್ಲೇ ಬಿಸಿಯಾಗಿರುತ್ತದೆ. ಥರ್ಮಲ್ ಕ್ಯಾಮೆರಾದಿಂದ 11 ಕೆ.ವಿ. ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಬಡಾವಣೆಗಳಿಗೆ ಕರೆಂಟ್ ಒಯ್ಯುವ ಲೈನನ್ನು ಪರೀಕ್ಷಿಸುವ ಕ್ರಮ ಹೀಗಿದೆ.

ಹಗಲಲ್ಲಿ ಹೋದರೆ ಕ್ಯಾಮೆರಾ ಬಿಸಿಲನ್ನೂ ಸೇರಿಸಿ ಅಳೆಯುತ್ತದೆ. ಸಂಜೆ 7ರಿಂದ 9ರೊಳಗೆ ಹೋಗಿ. ಮನೆಗಳ ಲೋಡೂ ಆಗ ಏರಿರುತ್ತದೆ. ಸಡಿಲ ಜೋಡಣೆಯಲ್ಲಿ ಶಾಖ ಹುಟ್ಟುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ: ಅರ್ಧ ಲೋಡಿನಲ್ಲಿ ಕಾಲು ಪಾಲು ಮಾತ್ರ. ಆದ್ದರಿಂದ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಆ ಹೊತ್ತಿನ ಆಂಪಿಯರನ್ನು ಕಂಬದ ನಂಬರಿನ ಜೊತೆಗೇ ಬರೆದಿಡಿ. ಗಾಳಿ ಜೋರಿದ್ದರೆ ಜೋಡಣೆ ತಣಿದಿರುತ್ತದೆ, ವಾಪಸ್ ಬನ್ನಿ.

320×240 ಪಿಕ್ಸೆಲ್, 24 ಡಿಗ್ರಿ ಲೆನ್ಸಿನ ಕ್ಯಾಮೆರಾಕ್ಕೆ 10 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 13 ಮಿ.ಮೀ. ನಂಬುವಂಥ ಅಳತೆಗೆ ಕನಿಷ್ಠ 3×3 ಪಿಕ್ಸೆಲ್, ಅಂದರೆ 4 ಸೆಂ.ಮೀ. ಅಗಲ ಬೇಕು. 30 ಮೀಟರಿಗೆ ಅದು 12 ಸೆಂ.ಮೀ. ಆಗುತ್ತದೆ, ತಂತಿಗಳನ್ನು ಬಿಗಿಹಿಡಿಯುವ ಕ್ಲಾಂಪಿನ ಜೊತೆ ಹಿಂದಿನ ತಣ್ಣನೆ ಆಕಾಶವೂ ಸೇರಿ ಲೆಕ್ಕ ಇಳಿದುಬಿಡುತ್ತದೆ.

ಪರದೆಯ ಅಂಕಿಯನ್ನು ಹಾಗೇ ನಂಬಬೇಡಿ. ಹೊಳೆಯುವ ಅಲ್ಯೂಮಿನಿಯಂ ಇದ್ದಷ್ಟು ಬಿಸಿಯನ್ನು ತೋರಿಸುವುದಿಲ್ಲ. ಒಂದೇ ಕಂಬದ ಮೂರು ಫೇಸ್‌ಗಳನ್ನು ಹೋಲಿಸಿ. ವ್ಯತ್ಯಾಸ 3 ಡಿಗ್ರಿಯೊಳಗಿದ್ದರೆ ಕಣ್ಣಿಟ್ಟಿರಿ, 4ರಿಂದ 15 ಇದ್ದರೆ ಮಳೆಗೆ ಮುಂಚೆ ರಿಪೇರಿ, 15 ದಾಟಿದರೆ ತಡಮಾಡಬೇಡಿ. ಕ್ಲಾಂಪ್ ಬೆಳ್ಳಗೆ ಉರಿದು, ತಂತಿಯುದ್ದಕ್ಕೆ ಬಣ್ಣ ಇಳಿಯುತ್ತಾ ಹೋದರೆ ಜೋಡಣೆಯ ದೋಷ. ತಂತಿಯಿಡೀ ಒಂದೇ ಸಮ ಬಿಸಿಯಿದ್ದರೆ ಆ ಫೇಸಿನ ಮೇಲೆ ಲೋಡ್ ಹೆಚ್ಚು. ಕ್ಲಾಂಪ್ ಬದಲಿಸಿ ಪ್ರಯೋಜನವಿಲ್ಲ.

ಇನ್ಸುಲೇಟರಿನ ಕೂದಲೆಳೆ ಬಿರುಕು ಒಣ ಹವೆಯಲ್ಲಿ ಈ ಕ್ಯಾಮೆರಾಕ್ಕೆ ಕಾಣುವುದು ಅಪರೂಪ. ಇಬ್ಬನಿಯಿರುವ ಬೆಳಗಿನ ಜಾವ, 40 ಕಿಲೋಹರ್ಟ್ಸ್ ಸುತ್ತಿನ, ಕಿವಿಗೆ ಕೇಳದ ಸದ್ದು ಹಿಡಿಯುವ ಅಲ್ಟ್ರಾಸಾನಿಕ್ ಉಪಕರಣವನ್ನು ಕಂಬದ ಇನ್ಸುಲೇಟರಿನತ್ತ ತಿರುಗಿಸಿ. ಹೆಡ್‌ಫೋನಿನಲ್ಲಿ ಎಣ್ಣೆಗೆ ನೀರು ಬಿದ್ದಂಥ ಚಟಪಟ ಕೇಳಿದರೆ ಆ ಕಂಬವನ್ನು ಗುರುತು ಹಾಕಿ.

ಗುಲ್‌ಮೊಹರ್ ಕೊಂಬೆ ಲೈನಿನ ಮೇಲೆ ಬಾಗಿದ್ದನ್ನು ನೋಡಲು ಡ್ರೋನೇ ವಾಸಿ. ಎಚ್‌ಎಎಲ್, ಯಲಹಂಕ, ಜಕ್ಕೂರು ವಿಮಾನ ನೆಲೆಗಳ ಸುತ್ತಮುತ್ತ ನಿರ್ಬಂಧವಿದೆ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ.

ರಿಪೇರಿಗೆ ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಪಡೆದು, ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಎರಡೂ ಕಡೆ ಅರ್ತ್ ಮಾಡಿ. ಹಳೆ ಬೋಲ್ಟನ್ನೇ ಬಿಗಿಯುವುದು ಬರೀ ಸಮಾಧಾನಕ್ಕೆ. ಒಳಗಿನ ಆಕ್ಸೈಡ್ ಪದರ ಹಾಗೇ ಉಳಿದಿರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ಜಾಯಿಂಟ್ ಕಾಂಪೌಂಡ್ ಹಚ್ಚಿ, ತಾಮ್ರ–ಅಲ್ಯೂಮಿನಿಯಂ ಸೇರುವ ಕಡೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಲಿಕ್ ಕ್ಲಾಂಪ್ ಹಾಕಿ. ಮರುಸಂಜೆ ಅದೇ ಜಾಗದಿಂದ ಮತ್ತೆ ಚಿತ್ರ ತೆಗೆಯಿರಿ. ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ ಇದ್ದು, ಮೂರು ಫೇಸೂ ಒಂದೇ ಬಣ್ಣಕ್ಕೆ ಬಂದಿದ್ದರೆ ಆ ಕಂಬವನ್ನು ಪಟ್ಟಿಯಿಂದ ಹೊಡೆದುಹಾಕಿ.