ಹಳೇ ಸಿಂಥ್ ಕೊಳ್ಳುವ ಮೊದಲು ಒಂದೇ ಕೀ ಆರು ಸಲ ಒತ್ತಿ

ಸಿಂಥ್ ಅಂದರೆ ಸಿಂಥಸೈಜರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ. ಆದರೆ ಕಲಬುರಗಿಯಲ್ಲಿ ಕೀ ಇರುವ ಪೆಟ್ಟಿಗೆಗೆಲ್ಲ 'ಕ್ಯಾಸಿಯೋ' ಅಂತಲೇ ಹೆಸರು. ಯಮಹಾ ಆದರೂ ಅಷ್ಟೇ, ರೋಲ್ಯಾಂಡ್ ಆದರೂ ಅಷ್ಟೇ. ಆಳಂದ, ಸೇಡಂ ಕಡೆಯ ಮದುವೆಗಳಲ್ಲಿ ಇಪ್ಪತ್ತು ವರ್ಷ ಆರ್ಕೆಸ್ಟ್ರಾ ನುಡಿಸಿದ ನಾನೂ 'ಕ್ಯಾಸಿಯೋ ಮಾಸ್ತರ'ನೇ. ಈಗ ಹುಡುಗರು ಫೋನಿನಲ್ಲಿ ಫೋಟೊ ತೋರಿಸುತ್ತಾರೆ: "ಮಾಸ್ತರ್ರೀ, ಹಳೀದು ಅದ, ಕ್ಲಾಸಿಕ್ ಅಲ್ಲೇನ್ರಿ?"

ಹಳೇದೆಲ್ಲ ಕ್ಲಾಸಿಕ್ ಅಲ್ಲ. ಮೊದಲು ಕಿವಿಗೆ ಕೆಲಸ ಕೊಡಿ. ಕಣ್ಣು ಮುಚ್ಚಿ ಕೇಳಿದರೂ ಇಂಥದ್ದೇ ಅಂತ ಗೊತ್ತಾಗಬೇಕು. 1983ರ ಯಮಹಾ ಡಿಎಕ್ಸ್7 ಒಂದು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಅಪರೂಪದ್ದೇನಲ್ಲ. ಆದರೂ ಅದರ ಗಂಟೆಯಂಥ ಪಿಯಾನೊ ಟಣ್ ಅಂದರೆ ಸಾಕು, ಎಂಬತ್ತರ ದಶಕದ ಹಾಡುಗಳು ನೆನಪಾಗುತ್ತವೆ.

ಆಮೇಲೆ ಅದರ ಕಥೆ ಕೇಳಿ. ಮಾಡಿದವರು ಅಂದುಕೊಂಡಿದ್ದಕ್ಕಿಂತ ಬೇರೆಯದನ್ನು ಯಾರಾದರೂ ಅದರಿಂದ ತೆಗೆದಿದ್ದಾರಾ? ರೋಲ್ಯಾಂಡ್ ಟಿಬಿ-303 ಅನ್ನೋ ಪುಟ್ಟ ಸಿಂಥ್ ಬಂದದ್ದು ಬಾಸ್ ಗಿಟಾರಿನವರ ಬದಲಿಗೆ. ಗಿಟಾರಿನ ಹಾಗೆ ಕೇಳಲೇ ಇಲ್ಲ. 1984ಕ್ಕೆ ನಿಲ್ಲಿಸಿಬಿಟ್ಟರು, ಹಳೇದು ಅಗ್ಗವಾಯಿತು. ಷಿಕಾಗೋದ ಹುಡುಗರು ಅದನ್ನೇ ಕೊಂಡು, ನುಡಿಯುವಾಗಲೇ ಅದರ ತಿರುಗುಗುಂಡಿಗಳನ್ನು ತಿರುವಿ ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತ ಹುಟ್ಟಿಸಿದರು. ಅವರಿಗಿಂತ ಮೊದಲೇ, 1982ರಲ್ಲಿ, ಮುಂಬೈನ ಸಂಗೀತಗಾರ ಚರಂಜಿತ್ ಸಿಂಗ್ ಅದನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು ರಾಗ ನುಡಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ ಅನ್ನೋದೇ ಬೇಜಾರು.

ಹೆಸರು ದೊಡ್ಡದು ಅಂತ ದುಡ್ಡು ಎಣಿಸಬೇಡಿ. ಹಿಂದಿನ ಫಲಕ ಓದಿ. ಜಪಾನಿನಲ್ಲಿ ಬಳಸಲು ಮಾಡಿದ್ದಾದರೆ 100 ವೋಲ್ಟ್ ಎಂದಿರುತ್ತದೆ. ನಾನು ಒಮ್ಮೆ ಓದದೆ ನಮ್ಮ 230ಕ್ಕೆ ಸಿಕ್ಕಿಸಿದೆ. 'ಟಪ್' ಅಂತು, ಹೊಗೆ ಬಂತು, ಹೆಂಡತಿ ಒಲೆ ಆರಿಸಲು ಓಡಿದಳು! ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಲೇಬೇಡಿ.

ರೋಲ್ಯಾಂಡ್ ಜೂನೊ-106 ಸಿಕ್ಕರೆ ಅರ್ಧ ಗಂಟೆ ಆನ್ ಮಾಡಿಟ್ಟು ಕಾಯಿರಿ. ಅದರಲ್ಲಿ ಆರು ಸ್ವರ ಒಟ್ಟಿಗೆ ನುಡಿಯುತ್ತವೆ, ಒಂದೊಂದಕ್ಕೂ ಬೇರೆ ಚಿಪ್. ಆ ಚಿಪ್‌ಗಳೇ ಮೊದಲು ಕೈಕೊಡೋದು. 'ಪಾಲಿ 1' ಅಂತ ಬರೆದ ಗುಂಡಿ ಒತ್ತಿ, ಒಂದೇ ಕೀಯನ್ನು ಬಿಟ್ಟು ಬಿಟ್ಟು ಆರು ಸಲ ನುಡಿಸಿ. ಪ್ರತಿ ಸಲ ಬೇರೆ ಚಿಪ್‌ನ ಸರದಿ. ನಾನು ಕೊಳ್ಳಲು ಹೋದದ್ದು ನಾಲ್ಕನೇ ಸಲ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಅಂದಿತು. ಮಾರುವವರು, "ಆರರಾಗ ಒಂದೇ ಅಲ್ರೀ?" ಅಂದರು. ಬದಲಿ ಚಿಪ್ ಸಿಗುತ್ತದೆ, ಆದರೆ ಒಂದು ಹೋಯಿತೆಂದರೆ ಉಳಿದವೂ ಸಾಲಿನಲ್ಲಿ ನಿಂತಿರುತ್ತವೆ. ನಾನು ಆರಕ್ಕೂ ಲೆಕ್ಕ ಹಾಕಿ ಚೌಕಾಸಿ ಮಾಡಿದೆ.